ನೀಲಿಗೂ ಹಳದಿಗೂ ನಡುವೆ ನಮ್ಮ ಉಪ್ಪಳ

ಉಪ್ಪಳದಿಂದ ಕೊಚ್ಚಿಗೆ ಹೋಗುವುದಕ್ಕೂ ಬೆಂಗಳೂರಿಗೆ ಹೋಗುವುದಕ್ಕೂ ದೂರ ಹೆಚ್ಚುಕಡಿಮೆ ಒಂದೇ, ಸುಮಾರು 380 ಕಿಲೋಮೀಟರ್. ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಕೇರಳ ಬ್ಲಾಸ್ಟರ್ಸ್ ಮತ್ತು ಬೆಂಗಳೂರು ಎಫ್‌ಸಿ ಆಡುವ ದಿನ "ನಿನ್ನದು ಯಾವ ಟೀಮ್?" ಎಂದು ಕೇಳುವವರಿಗೆ ನಾನು ಮೊದಲು ಈ ಲೆಕ್ಕ ಹೇಳುತ್ತಿದ್ದೆ. ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಮಾಮನ ಮಗ ಮಾತ್ರ ನಗುತ್ತಿರಲಿಲ್ಲ.

ಅವನ ಊರು ಚಂದ್ರಗಿರಿ ಹೊಳೆಯ ಆಚೆ, ತ್ರಿಕ್ಕರಿಪುರದ ಕಡೆ. ನಮ್ಮ ಜಿಲ್ಲೆಯಲ್ಲಿ ಫುಟ್ಬಾಲ್ ಎಂದರೆ ಆ ಕಡೆಯೇ. ಮುಹಮ್ಮದ್ ರಾಫಿ ಅಲ್ಲಿಯವರು. 2016ರ ಐಎಸ್‌ಎಲ್ ಫೈನಲ್‌ನಲ್ಲಿ ಕೊಚ್ಚಿಯಲ್ಲಿ ಕೋಲ್ಕತ್ತಾ ವಿರುದ್ಧ ಬ್ಲಾಸ್ಟರ್ಸ್‌ಗೆ ಗೋಲು ಹೊಡೆದದ್ದು ಅವರೇ. ಆ ಫೈನಲ್ ಪೆನಾಲ್ಟಿಯಲ್ಲಿ ಸೋತರೂ, ಆ ಒಂದು ಗೋಲಿನ ಮೇಲೆ ಆ ಊರಿನ ಹುಡುಗರು ಇನ್ನೂ ಹತ್ತು ವರ್ಷ ಮಾತಾಡಿಯಾರು. ನಮ್ಮ ಉಪ್ಪಳ, ಮಂಜೇಶ್ವರದ ಕಡೆ ನಾನು ಸಣ್ಣವನಿರುವಾಗ ಕಂಡದ್ದು ಕಬಡ್ಡಿ, ಕ್ರಿಕೆಟ್ ಹೆಚ್ಚು. ಕೊಯ್ಲಾದ ಗದ್ದೆಯಲ್ಲಿ ಫುಟ್ಬಾಲ್ ಆಡಲಿಲ್ಲವೆಂದಲ್ಲ, ಆಡಿದ್ದೇವೆ. ಆದರೆ ರಜೆಯಲ್ಲಿ ಉಮ್ಮನ ತವರಿಗೆ ಹೋದಾಗ, ಟಿಕೆಟ್ ಇಟ್ಟು, ಗ್ಯಾಲರಿ ಕಟ್ಟಿ, ಲೈಟು ಹಾಕಿ ಆಡಿಸುವ ಸೆವೆನ್ಸ್ ಕಂಡಾಗಲೇ ಇದು ಬೇರೆಯೇ ಆಟ ಅಂತ ಗೊತ್ತಾದದ್ದು. ಏಳೇ ಜನ, ಸಣ್ಣ ಮೈದಾನ, ಚೆಂಡು ಒಂದು ಕ್ಷಣ ನಿಲ್ಲುವುದಿಲ್ಲ. ಮಾಮ ನಮ್ಮಿಬ್ಬರನ್ನೂ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ನಾನು ಮುಂದೆ ನಿಂತುಕೊಂಡು, ಅವನು ಹಿಂದೆ ಕೂತುಕೊಂಡು.

ಉಪ್ಪನದು ಉಪ್ಪಳದಲ್ಲಿ ದಿನಸಿ ಅಂಗಡಿ. 2002ರ ವಿಶ್ವಕಪ್ ಸಮಯ ಅಂಗಡಿಯಲ್ಲಿ ಹದಿನಾಲ್ಕು ಇಂಚಿನ ಟಿವಿ ಇಟ್ಟಿದ್ದರು. ಬೆಲ್ಲದ ಡಬ್ಬದ ಮೇಲೆ ಕೂತು ನಾನು ರೊನಾಲ್ಡೋನ ಎರಡು ಗೋಲು ನೋಡಿದ್ದು. ನಮ್ಮ ಅಂಗಡಿಗೆ ಬರುವವರು ಕನ್ನಡ, ತುಳು, ಮಲಯಾಳ, ಬ್ಯಾರಿ, ಉರ್ದು, ಕೊಂಕಣಿ, ಮರಾಠಿ ಎಲ್ಲ ಆಡುವವರು. ಸಪ್ತಭಾಷೆಯ ನಾಡು ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಉಪ್ಪನಿಗೆ ಅದು ಭಾಷಣವಲ್ಲ, ವ್ಯಾಪಾರ. ಅಕ್ಕಿಯ ರೇಟು ಏಳು ಭಾಷೆಯಲ್ಲಿ ಹೇಳುತ್ತಿದ್ದರು. ಆದರೆ ಬ್ರೆಜಿಲ್ ಗೆದ್ದಾಗ ಎಲ್ಲರೂ ಕೂಗಿದ್ದು ಒಂದೇ ಶಬ್ದ. ದೂರದ ದೇಶದ ಟೀಮ್ ಆದರೆ ಸುಲಭ. ಹತ್ತಿರದ್ದು ಬಂದಾಗ ಕಷ್ಟ.

ಕಷ್ಟ ಯಾಕೆಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಉಳಿದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಅದಕ್ಕೆ ಮೊದಲು ಇಡೀ ಜಿಲ್ಲೆಯೇ ಮದ್ರಾಸಿನದು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು, ಆದರೆ ಅದು ಕಾಗದದಲ್ಲೇ ಉಳಿಯಿತು. ಈ ಕಥೆ ನಮ್ಮ ಹಿರಿಯರು ಸಾವಿರ ಸಲ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ಫುಟ್ಬಾಲಿನ ಕಡೆಯಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ, ಅಷ್ಟು ಹೇಳುತ್ತೇನೆ. ಇವತ್ತು "ನಮ್ಮ ಕರ್ನಾಟಕದ ಹಳೆಯ ವೈಭವ" ಅಂತ ಬೆಂಗಳೂರಿನ ಫುಟ್ಬಾಲ್ ಪ್ರೇಮಿಗಳು ಹೇಳುವುದೆಲ್ಲ ಆಗ ನಮಗೂ ಸೇರಿರಲಿಲ್ಲ, ಮಂಗಳೂರಿಗೂ ಸೇರಿರಲಿಲ್ಲ. ಮೈಸೂರು ತಂಡ 1946–47ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಾಗ, 1952–53ರಲ್ಲಿ ಇನ್ನೊಮ್ಮೆ ಗೆದ್ದಾಗ, ಮಂಗಳೂರಿನವನಾಗಲಿ ಉಪ್ಪಳದವನಾಗಲಿ "ನಾವು ಗೆದ್ದೆವು" ಅನ್ನಬೇಕಾದರೆ ಮದ್ರಾಸ್ ಗೆಲ್ಲಬೇಕಿತ್ತು. ಕೇರಳ ಎಂಬ ತಂಡವೇ ಇರಲಿಲ್ಲ.

ಬೆಂಗಳೂರಿನ ಹಳೆಯ ಫುಟ್ಬಾಲ್ ಬೆಳೆದದ್ದು ದಂಡಿನ ಪ್ರದೇಶದಲ್ಲಿ. ಬ್ರಿಟಿಷ್ ಸೈನಿಕರ ಆಟ ನೋಡಿ ಕಲಿತ ಆಸ್ಟಿನ್ ಟೌನ್, ಹಲಸೂರಿನ ಹುಡುಗರು, ಹೆಚ್ಚಿನವರು ತಮಿಳು, ಉರ್ದು ಮಾತಾಡುವವರು. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ 1937ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ ಸೈನ್ಯದ ತಂಡಗಳ ಆಸ್ತಿ. ಮರುವರ್ಷ ಪುನಃ ಗೆದ್ದರು. ಹಲಸೂರಿನ ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಉಂಟು, ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ. ಬೆಂಗಳೂರಿಗೆ ಹೋದ ನಮ್ಮವರು ಲಾಲ್‌ಬಾಗ್ ನೋಡಿ ಬರುತ್ತಾರೆ. ಒಮ್ಮೆ ಇದನ್ನೂ ನೋಡಿ ಬನ್ನಿ.

ಅದೇ ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದವರು. ಅಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಸಹ ಬೆಂಗಳೂರಿನವರೇ. ಆಮೇಲೆ ಅಹ್ಮದ್ ಖಾನ್ ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ನಲ್ಲಿ ಆಡಿದರು. ಆ ಕಾಲದ ಈಸ್ಟ್ ಬೆಂಗಾಲ್ ಮುಂಚೂಣಿಯ ಐವರನ್ನು ಪಂಚಪಾಂಡವರು ಅನ್ನುತ್ತಿದ್ದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲಿಹ್. 1949, 50, 51, ಮೂರು ವರ್ಷ ಸಾಲಾಗಿ ಐಎಫ್‌ಎ ಶೀಲ್ಡ್ ಗೆದ್ದ ತಂಡ ಅದು. ಇದರಲ್ಲಿ ಸಾಲಿಹ್ ಕೇರಳದ ಕೋಟ್ಟಯಂನವರು. ಬೆಂಗಳೂರಿನವನೂ ಕೋಟ್ಟಯಂನವನೂ ಒಂದೇ ಸಾಲಿನಲ್ಲಿ ಒಬ್ಬರಿಗೊಬ್ಬರು ಪಾಸು ಕೊಟ್ಟು ಗೋಲು ಹೊಡೆಯುತ್ತಿದ್ದರು, ಅದೂ ಬಂಗಾಳಕ್ಕೆ. ಇದು ಗೊತ್ತಾದ ದಿನ ನಾನು ಮಾಮನ ಮಗನಿಗೆ ಫೋನ್ ಮಾಡಿ ಹೇಳಿದ್ದೆ. "ಅವರು ಸಂಬಳಕ್ಕೆ ಆಡಿದ್ದು, ನೀನು ಯಾವ ಸಂಬಳಕ್ಕೆ ಬೆಂಗಳೂರಿಗೆ ಕೂಗುತ್ತೀಯ?" ಅಂತ ಕೇಳಿದ. ಅವನ ಬಾಯಿಗೆ ಉತ್ತರ ಇಲ್ಲ.

ಮೈಸೂರು 1967–68 ಮತ್ತು 1968–69ರಲ್ಲಿ ಪುನಃ ಸಂತೋಷ್ ಟ್ರೋಫಿ ಎತ್ತಿತು. ನಂತರ ಬರಗಾಲ. ಕೇರಳದ್ದು ತಿರುಗಾ ಮುರುಗಾ. 1973ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ರೈಲ್ವೇಸ್ ವಿರುದ್ಧ 3–2, ಕ್ಯಾಪ್ಟನ್ ಮಣಿಯ ಹ್ಯಾಟ್ರಿಕ್, ಅಲ್ಲಿಂದ ಕೇರಳಕ್ಕೆ ಹುಚ್ಚು ಹಿಡಿಯಿತು. ಆ ಹುಚ್ಚು ಚಂದ್ರಗಿರಿ ದಾಟಿ ನಮ್ಮ ಕಡೆಗೂ ಬಂತು. ಕರ್ನಾಟಕದಲ್ಲಿ ಆ ಹುಚ್ಚು ದಂಡಿನಿಂದ ಹೊರಗೆ ಅಷ್ಟು ಹರಡಲಿಲ್ಲ. ಹಾಗಾಗಿ ನಮ್ಮ ಪೀಳಿಗೆಯ ಗಡಿನಾಡ ಹುಡುಗನಿಗೆ ಶಾಲೆ ಕನ್ನಡ, ಯಕ್ಷಗಾನ ಕನ್ನಡ, ಪೇಪರು ಕನ್ನಡ, ಫುಟ್ಬಾಲ್ ಮಾತ್ರ ಮಲಯಾಳ.

ನಾನು ಕನ್ನಡ ಮೀಡಿಯಂನಲ್ಲಿ ಹತ್ತನೇ ಮುಗಿಸಿ ಮಂಗಳೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಸೇರುವಾಗ ಒಂದು ಕಚೇರಿಯಲ್ಲಿ ಗಡಿನಾಡ ಕನ್ನಡಿಗ ಅಂತ ಸರ್ಟಿಫಿಕೇಟ್ ಕೊಟ್ಟರೆ, ಮೇಜಿನ ಆಚೆಯವರು ನನ್ನ ಹೆಸರು ನೋಡಿ, ಊರು ನೋಡಿ, "ನೀವು ಕೇರಳದವರಲ್ಲವಾ?" ಅಂದರು. ಉಪ್ಪ ಪಕ್ಕದಲ್ಲೇ ನಿಂತಿದ್ದರು. ಅವರು ಏನೂ ಹೇಳಲಿಲ್ಲ, ಮೇಜಿನ ಮೇಲಿದ್ದ ಕನ್ನಡ ಪೇಪರ್ ಎತ್ತಿ ಮೊದಲ ಪುಟದ ಸುದ್ದಿ ಜೋರಾಗಿ ಓದಲು ಶುರು ಮಾಡಿದರು. ನನಗೆ ನಾಚಿಕೆಯಾಯಿತು. ಈಗ ನೆನೆದರೆ ನಗು ಬರುತ್ತದೆ, ಸ್ವಲ್ಪ ಗಂಟಲೂ ಕಟ್ಟುತ್ತದೆ.

ಈಗ ಬೆಂಗಳೂರಿನ ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ಶಾಪ್‌ನಲ್ಲಿ ಕೆಲಸ. ಇಲ್ಲಿ ನನ್ನನ್ನು ಕರೆಯುವುದು "ಕೇರಳ" ಅಂತ. ಊರಿಗೆ ಹೋದರೆ ಮಾಮನ ಮನೆಯ ಕಡೆ "ಕನ್ನಡಿಗ" ಅಂತ. 2022ರ ಏಪ್ರಿಲ್ 28, ರಂಜಾನ್ ತಿಂಗಳು, ನಾನು ಊರಲ್ಲಿದ್ದೆ. ಮಂಜೇರಿಯ ಪಯ್ಯನಾಡ್ ಸ್ಟೇಡಿಯಂನಲ್ಲಿ ಸಂತೋಷ್ ಟ್ರೋಫಿ ಸೆಮಿಫೈನಲ್, ಕೇರಳ–ಕರ್ನಾಟಕ. ಮೊದಲ ಗೋಲು ಕರ್ನಾಟಕದ್ದೇ. ನಾನು ಕುರ್ಚಿಯಿಂದ ಎದ್ದೆ. ಆಮೇಲೆ ಬದಲಿಯಾಗಿ ಬಂದ ಜೆಸಿನ್ ಎಂಬ ಹುಡುಗ ಒಬ್ಬನೇ ಐದು ಗೋಲು ಹೊಡೆದ. 7–3. ಪ್ರತಿ ಗೋಲಿಗೂ ಮಾಮನ ಮನೆಯ ಹುಡುಗರು ನನ್ನ ತಟ್ಟೆಗೆ ಒಂದೊಂದು ಖರ್ಜೂರ ಹಾಕಿದರು. ಏಳು ಖರ್ಜೂರ. ಅದು ತಮಾಷೆ, ನಾನೂ ನಕ್ಕು ತಿಂದೆ.

ತಮಾಷೆ ಅಲ್ಲದ್ದು 2023ರ ಮಾರ್ಚ್ 3ರಂದು ಆಯಿತು. ಐಎಸ್‌ಎಲ್ ಪ್ಲೇಆಫ್, ಕಂಠೀರವ. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯ, 96ನೇ ನಿಮಿಷ, ಬೆಂಗಳೂರಿಗೆ ಫ್ರೀಕಿಕ್. ಬ್ಲಾಸ್ಟರ್ಸ್ ಗೋಲ್‌ಕೀಪರ್ ಗೋಡೆ ಕಟ್ಟಿಸುತ್ತಿರುವಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಒಳಗೆ ಹಾಕಿಬಿಟ್ಟ. ರೆಫ್ರಿ ಗೋಲು ಕೊಟ್ಟರು. ಕೋಚ್ ಇವಾನ್ ವುಕೊಮನೋವಿಚ್ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಬೆಂಗಳೂರು ಗೆದ್ದಿತು. ಆಮೇಲೆ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯದ ನಿಷೇಧ ಹಾಕಿತು.

ಆ ರಾತ್ರಿ ನಾನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಇಂಜಿನಿಯರ್ ಹಾಗೆ ಬರೆದೆ. ಡ್ರಾಯಿಂಗ್‌ನಲ್ಲಿ ಕೊಟ್ಟ ಟಾಲರೆನ್ಸ್ ಒಳಗೆ ಇದ್ದರೆ ಪೀಸ್ ಪಾಸ್, ಚಂದ ಉಂಟೋ ಇಲ್ಲವೋ ಅಂತ ಗೇಜ್ ಕೇಳುವುದಿಲ್ಲ, ರೂಲ್ ಅಂದರೆ ರೂಲ್. ಮಾಮನ ಮಗ ಉತ್ತರ ಬರೆದ. "ನೀನು ಕೇರಳದ ರೇಷನ್ ಅಕ್ಕಿ ತಿಂದು ಬೆಳೆದವನು. ಆ ಅಕ್ಕಿ ರೂಲ್ ಕೇಳಿ ಕೊಟ್ಟದ್ದಾ?" ನಾನು ಅದಕ್ಕಿಂತ ಕೆಟ್ಟದ್ದೊಂದು ಬರೆದೆ, ಇಲ್ಲಿ ಬರೆಯುವುದಿಲ್ಲ. ಮರುದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಅಷ್ಟು ವರ್ಷ ಕಾದ ಗೆಲುವು, ಅದೂ ನಮ್ಮೂರಿನ ಅರ್ಧ ಜನ ದುಡಿಯುವ ಸೌದಿಯಲ್ಲಿ. ಹೇಳಿಕೊಳ್ಳಲು ನನಗೆ ಜನವೇ ಇರಲಿಲ್ಲ. ಗುಂಪಿನಿಂದ ಅವನು ಹೊರಗೆ ಹೋಗಿದ್ದ. ಒಂದೂವರೆ ವರ್ಷ ನಾವಿಬ್ಬರು ಮಾತಾಡಲಿಲ್ಲ. ಮದುವೆ ಮನೆಯಲ್ಲಿ ಎದುರು ಸಿಕ್ಕಿದರೆ ಸಲಾಂ, ಅಷ್ಟೇ.

2024ರ ನವೆಂಬರ್ ಕೊನೆಗೆ ಮಾಮಿ ಉಮ್ಮನಿಗೆ ಹೇಳಿದರು, ಅವನಿಗೆ ದೋಹಾದಲ್ಲಿ ಕೆಲಸ ಆಗಿದೆ, ಡಿಸೆಂಬರ್ ಮಧ್ಯದಲ್ಲಿ ಹೋಗುತ್ತಾನೆ ಎಂದು. ಉಮ್ಮ ನನಗೆ ಹೇಳಿದರು. ನಾನು ಎರಡು ದಿನ ಯೋಚಿಸಿ, ಡಿಸೆಂಬರ್ 7ರ ಬೆಂಗಳೂರು–ಬ್ಲಾಸ್ಟರ್ಸ್ ಪಂದ್ಯಕ್ಕೆ ಎರಡು ಟಿಕೆಟ್ ತೆಗೆದು, ಫೋಟೊ ಮಾತ್ರ ಅವನಿಗೆ ಕಳಿಸಿದೆ. ಅವನು ಬಸ್ ಟಿಕೆಟಿನ ಫೋಟೊ ಕಳಿಸಿದ. ನಡುವೆ ಒಂದಕ್ಷರ ಮಾತಿಲ್ಲ.

ಶನಿವಾರ ನನ್ನದು ಮೊದಲ ಶಿಫ್ಟ್. ಮುಗಿಸಿ ಕಂಪನಿಯ ನೀಲಿ ಶರ್ಟ್‌ನಲ್ಲೇ ಹೊರಟೆ. ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್‌ನಲ್ಲಿ ಅವನು ಚೆಕ್ಸ್ ಶರ್ಟ್ ಹಾಕಿ, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ನಿಂತಿದ್ದ. ಒಳಗೆ ಹಳದಿ ಜೆರ್ಸಿ. ನಾನು ತೆಗೆದದ್ದು ಬೆಂಗಳೂರಿನವರೇ ಹೆಚ್ಚಿರುವ ಸ್ಟ್ಯಾಂಡಿನ ಟಿಕೆಟ್. "ಬೇಕೆಂದೇ ಮಾಡಿದ್ದು, ಅಲ್ವಾ?" ಅಂದ. ಒಂದೂವರೆ ವರ್ಷದಲ್ಲಿ ಅವನು ಆಡಿದ ಮೊದಲ ಮಾತು. ಅಗ್ಗದ ಟಿಕೆಟ್ ಅದೇ ಉಳಿದದ್ದು ಅಂದೆ. ನಿಜವೂ ಅದೇ.

ಗೇಟಿನಲ್ಲಿ ನೀರಿನ ಬಾಟಲಿ, ಚಿಲ್ಲರೆ ಕಾಸು ಎಲ್ಲ ತೆಗೆಸಿದರು. ಒಳಗೆ ಹೋದರೆ ಪಶ್ಚಿಮದ ಕಡೆ ನೀಲಿ, ಅಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್‌ನವರ ಡ್ರಮ್ಮು. ಆದರೆ ಬ್ಲಾಸ್ಟರ್ಸ್‌ನ ಮಂಞಪ್ಪಡ ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಈ ಊರಿನಲ್ಲಿ ಕೆಲಸ ಮಾಡುವ ಮಲಯಾಳಿಗಳು ಎಷ್ಟು ಅಂತ ಅವತ್ತು ಲೆಕ್ಕ ಸಿಗುತ್ತದೆ. ಅಂದಿನವರೆಗೆ ಐಎಸ್‌ಎಲ್‌ನಲ್ಲಿ ಬ್ಲಾಸ್ಟರ್ಸ್ ಕಂಠೀರವದಲ್ಲಿ ಒಮ್ಮೆಯೂ ಗೆದ್ದಿರಲಿಲ್ಲ. ಆರು ವಾರ ಹಿಂದೆ ಕೊಚ್ಚಿಯಲ್ಲೇ 3–1ರಿಂದ ಸೋತಿದ್ದರು. ಆದರೂ ಅಷ್ಟು ಹಳದಿ. ಸೋಲುವುದಕ್ಕೇ ಹೋಗುವ ಈ ಹಟ ನನಗೆ ಯಾವಾಗಲೂ ಇಷ್ಟ.

ಏಳೂವರೆಗೆ ಶುರು. ಎಂಟನೇ ನಿಮಿಷಕ್ಕೆ ಛೆಟ್ರಿ ತಲೆಯಲ್ಲಿ ಹೊಡೆದ, 1–0. ನಾನು ಎದ್ದವನು ಪಕ್ಕ ನೋಡಿ ಕೂತೆ. 38ಕ್ಕೆ ರಯಾನ್ ವಿಲಿಯಮ್ಸ್, 2–0. ಅರ್ಧ ಸಮಯದಲ್ಲಿ ಇಬ್ಬರೂ ಒಂದೇ ಪೊಟ್ಟಣದಿಂದ ಪಾಪ್‌ಕಾರ್ನ್ ತಿಂದೆವು. ಅವನು ದೋಹಾದ ರೂಮಿನ ವಿಷಯ ಹೇಳಿದ, ಆರು ಜನ ಒಂದು ರೂಮು, ನಾಲ್ವರು ನಮ್ಮ ಜಿಲ್ಲೆಯವರೇ. ಮಾಮನಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿದೆ ಎಂದ. ನಾನು ಕೇಳಿರಲಿಲ್ಲ, ಕೇಳಬೇಕಿತ್ತು.

ಎರಡನೇ ಅರ್ಧದಲ್ಲಿ ಆಟ ಮಗುಚಿತು. 56ನೇ ನಿಮಿಷ ಜೀಸಸ್ ಹಿಮೆನೆಸ್ ಒಂದು. ಆಚೆಯ ಸ್ಟ್ಯಾಂಡ್ ಪೂರ್ತಿ ಹಳದಿಯಾಗಿ ಎದ್ದು ನಿಂತಿತು. ಈಗ ಬ್ಲಾಸ್ಟರ್ಸ್ ಮೇಲಿಂದ ಮೇಲೆ ನುಗ್ಗುತ್ತಿದ್ದರು, ನಮ್ಮ ಸುತ್ತಲಿನವರು ಬಾಯಿಗೆ ಕೈಯಿಟ್ಟು ಕೂತಿದ್ದರು. 67ಕ್ಕೆ ಫ್ರೆಡ್ಡಿ, 2–2. ಮಾಮನ ಮಗ ಚೆಕ್ಸ್ ಶರ್ಟಿನ ಗುಂಡಿ ಒಂದೊಂದಾಗಿ ಬಿಚ್ಚಿದ, ಮೇಲಿಂದ ಕೆಳಗೆ, ನನ್ನ ಮುಖ ನೋಡಿಕೊಂಡು. ಸುತ್ತ ನೀಲಿ, ನಡುವೆ ಒಂದು ಹಳದಿ. ಹಿಂದಿನ ಸಾಲಿನಿಂದ ಒಬ್ಬ "ಏಯ್ ಕೇರಳ, ಆಚೆ ಹೋಗೋ" ಅಂದ. ನಾನು ತಿರುಗಿ, "ಅವನು ನನ್ನ ಜೊತೆ ಬಂದದ್ದು, ನಮ್ಮ ಮಾಮನ ಮಗ" ಅಂದೆ. ಕನ್ನಡದಲ್ಲೇ ಅಂದದ್ದು, ಆದರೆ ನಮ್ಮ ಕರಾವಳಿಯ ರಾಗ ಅವನಿಗೆ ಮಲಯಾಳದ ಹಾಗೆ ಕೇಳಿತೋ ಏನೋ. "ನೀನೂ ಕೇರಳನಾ?" ಅಂತ ಕೇಳಿದ. ನನ್ನ ನೀಲಿ ಶರ್ಟು ನೋಡಿ ಅವನಿಗೆ ಅರ್ಥವಾಗಲಿಲ್ಲ.

ಉತ್ತರ ಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಇಡೀ ಸ್ಟ್ಯಾಂಡ್ ಎದ್ದು ಕಿರುಚಿತು. 73ನೇ ನಿಮಿಷ, ಛೆಟ್ರಿ, 3–2. ಆ ಗೋಲು ನಾನು ನೋಡಲೇ ಇಲ್ಲ. ಹಿಂದೆ ತಿರುಗಿದ್ದೆ. ಟಿಕೆಟ್ ದುಡ್ಡು ಕೊಟ್ಟು, ಅರ್ಧ ದಿನ ಕಾದು, ಜೀವನದಲ್ಲಿ ಸ್ಟೇಡಿಯಂನಲ್ಲಿ ನೋಡಿದ ಅತಿ ದೊಡ್ಡ ಪಂದ್ಯದ ಅತಿ ದೊಡ್ಡ ಗೋಲು ನಾನು ಕಂಡದ್ದು ಹಿಂದಿನ ಸಾಲಿನವನ ಮುಖದಲ್ಲಿ. ಅವನು ನನ್ನನ್ನು ಅಪ್ಪಿಕೊಂಡ. ಕೇರಳನೋ ಅಲ್ಲವೋ ಅಂತ ಆಮೇಲೆ ಕೇಳಲಿಲ್ಲ.

ಮಾಮನ ಮಗ ಗುಂಡಿ ಹಾಕಿಕೊಳ್ಳಲಿಲ್ಲ. ಹಾಗೇ ಕೂತ. ಹೆಚ್ಚುವರಿ ನಿಮಿಷಗಳು ಮುಗಿಯುವುದೇ ಇಲ್ಲ ಅನ್ನಿಸಿತು. ಬ್ಲಾಸ್ಟರ್ಸ್ ಸಮ ಮಾಡಿದರೂ ಆದೀತು ಅಂತ ಒಂದು ಕ್ಷಣ ನನಗೆ ಅನ್ನಿಸಿದ್ದು ನಿಜ, ಬೆಂಗಳೂರಿನ ಗೆಳೆಯರು ಕ್ಷಮಿಸಬೇಕು. 90 ದಾಟಿ ಎಂಟನೇ ನಿಮಿಷಕ್ಕೆ ಛೆಟ್ರಿ ಮೂರನೆಯದನ್ನೂ ಹಾಕಿದ. 4–2. ನಾನು ಆಗ ಕೂಗಿದೆ. ಯಾರ ಮುಖವನ್ನೂ ನೋಡದೆ, ಗಂಟಲು ಹರಿಯುವ ಹಾಗೆ ಕೂಗಿದೆ. ಏಳು ಖರ್ಜೂರ, ಆ ಮೇಜು, ರಿಯಾದ್‌ನ ಆ ಸಂಜೆ ಎಲ್ಲ ಸೇರಿ ಹೊರಗೆ ಬಂತು.

ಛೆಟ್ರಿಗೆ ಆ ದಿನ 40 ವರ್ಷ 126 ದಿನ. ಐಎಸ್‌ಎಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಅತಿ ಹಿರಿಯ. ಅದೇ ವರ್ಷ ಜೂನ್‌ನಲ್ಲಿ ಕುವೈತ್ ವಿರುದ್ಧ ಆಡಿ ದೇಶದ ತಂಡಕ್ಕೆ ವಿದಾಯ ಹೇಳಿದ್ದವನು. ಅವನು ಹುಟ್ಟಿದ್ದು 1984ರ ಆಗಸ್ಟ್ 3. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ್ದು ಅದೇ 1984ರ ಮೇ 24. ಹೊರಗೆ ಬರುವಾಗ ಇದನ್ನು ಹೇಳಿದೆ. "ಜಿಲ್ಲೆ ಎರಡು ತಿಂಗಳು ದೊಡ್ಡದು, ಆದರೂ ಇಂಥ ಗೋಲು ಒಂದೂ ಹೊಡೆದಿಲ್ಲ" ಅಂದ ಅವನು. ಆಸ್ಪತ್ರೆಗೆ ಮಂಗಳೂರಿಗೆ ಓಡುವ ನಮಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮೆಟ್ರೋದಲ್ಲಿ ನಿಲ್ಲಲೂ ಜಾಗವಿಲ್ಲ. ಹಳದಿಯವರೂ ನೀಲಿಯವರೂ ಒಂದೇ ಕಂಬಿ ಹಿಡಿದು ನಿಂತಿದ್ದರು, ಬೈಗುಳವೂ ಇತ್ತು, ನಗುವೂ ಇತ್ತು. ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸುವಾಗ ಉಪ್ಪನ ಫೋನ್. ಊಟ ಆಯಿತಾ ಅಂತ ಮೊದಲು ಕೇಳಿದರು. ಆಮೇಲೆ, "ಯಾರು ಗೆದ್ದದ್ದು?"

"ನಾವು" ಅಂದೆ.

ಮಾಮನ ಮಗ ಫೋನ್ ಕಸಿದುಕೊಂಡು, "ಮಾಮ, ಸೋತದ್ದೂ ನಾವೇ" ಅಂದ. ಉಪ್ಪ ಏನು ಹೇಳಿದರೋ, ಅವನು ಬಹಳ ಹೊತ್ತು ನಕ್ಕ. ಏನು ಹೇಳಿದರು ಅಂತ ನನಗೆ ಹೇಳಲಿಲ್ಲ, ಉಪ್ಪನೂ ಹೇಳಲಿಲ್ಲ.

ಪೀಣ್ಯದ ನನ್ನ ರೂಮಿಗೆ ಬಂದು ಪರೋಟ, ಬೀಫ್ ಸಾರು ತಿಂದು, ಎರಡು ಗಂಟೆಯವರೆಗೆ ಮಾತಾಡಿದೆವು. ಮಾರ್ಚ್ 3ರ ಫ್ರೀಕಿಕ್ ಬಗ್ಗೆ ಮಾತ್ರ ಇಬ್ಬರೂ ಎತ್ತಲಿಲ್ಲ. ರೂಲ್ ಪ್ರಕಾರ ಅದು ಸರಿ ಅಂತ ನಾನು ಈಗಲೂ ಹೇಳುತ್ತೇನೆ, ಅವನು ಈಗಲೂ ಒಪ್ಪುವುದಿಲ್ಲ. ಮರುದಿನ ಬೆಳಿಗ್ಗೆ ಅವನು ಊರಿಗೆ ಹೋದ, ಮುಂದಿನ ವಾರ ದೋಹಾಕ್ಕೆ. ಬೆವರಿನಿಂದ ಒದ್ದೆಯಾದ ಹಳದಿ ಜೆರ್ಸಿ ರೂಮಿನ ಹಗ್ಗದಲ್ಲೇ ಉಳಿಯಿತು. ಫೋನ್ ಮಾಡಿ ಕೇಳಿದರೆ, ಲಗೇಜಿನಲ್ಲಿ ಜಾಗವಿಲ್ಲ, ಒಗೆದು ಇಡು, ಬಂದಾಗ ಬೇಕು ಅಂದ. ಒಗೆದು ಇಟ್ಟಿದ್ದೇನೆ. ರೂಮಿನ ಹುಡುಗರು ಇದು ಯಾರದು ಅಂತ ಕೇಳಿದರೆ, ನಮ್ಮನೆಯವರದ್ದು ಅನ್ನುತ್ತೇನೆ.